ಮಕ್ಕಳು ಕೈಯಾರೆ ಮಾಡಿ ಕಲಿಯುವ ವಿಜ್ಞಾನ

ನಮ್ಮ ವಾಚನಾಲಯಕ್ಕೆ ಸಾಯಂಕಾಲ ಪತ್ರಿಕೆ ಓದಲು ಬರುವ ಬಂಧುಗಳಲ್ಲಿ ಅನೇಕರು ಮಕ್ಕಳನ್ನೂ ಜೊತೆಗೆ ಕರೆತರುವುದುಂಟು. ದೊಡ್ಡವರು ಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಕುಳಿತರೆ ಮಕ್ಕಳು ಮೂಲೆಯ ಬೆಂಚಿನಲ್ಲಿ ಪಾಠ ಉರು ಹೊಡೆಯುತ್ತಾರೆ. "ಬೀಜ ಮೊಳೆಯಲು ನೀರು, ಗಾಳಿ ಮತ್ತು ಹದವಾದ ಶಾಖ ಬೇಕು" ಎಂಬ ವಾಕ್ಯವನ್ನು ಒಂದೇ ರಾಗದಲ್ಲಿ ಹತ್ತು ಸಲ ಹೇಳುವ ಹುಡುಗನನ್ನು ತಡೆದು, "ನೀರು ಹೆಚ್ಚಾದರೆ ಏನಾಗುತ್ತದಪ್ಪಾ?" ಎಂದು ಕೇಳಿ ನೋಡಿ. ಅವನು ಪುಸ್ತಕವನ್ನೇ ನೋಡುತ್ತಾನೆ. ಅದೇ ಪ್ರಶ್ನೆಯನ್ನು ಪಕ್ಕದಲ್ಲಿ ಕುಳಿತ ಅವನ ತಂದೆಗೆ ಕೇಳಿದರೆ, ಯಾದಗಿರಿಯ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಅವರು, "ಹೊಲದಾಗ ನೀರು ನಿಂತ್ರ ಬಿತ್ತಿದ್ದೆಲ್ಲಾ ಕೊಳೀತದ್ರಿ" ಎಂದು ಒಡನೆ ಹೇಳುತ್ತಾರೆ. ತಾವು ಹೇಳಿದ್ದು ಮಗನ ಪುಸ್ತಕದ ಪಾಠವೇ ಎಂಬುದು ಅವರಿಗೆ ಹೊಳೆದಿರುವುದಿಲ್ಲ. ಮಗನಿಗೂ ಹೊಳೆದಿರುವುದಿಲ್ಲ.

"ನಾವು ಓದಿದವರಲ್ಲ, ಮಕ್ಕಳಿಗೆ ಏನು ಹೇಳಿಕೊಡಬಲ್ಲೆವು? ಟ್ಯೂಶನ್ನಿಗೆ ಹಾಕುವಷ್ಟು ಅನುಕೂಲವೂ ಇಲ್ಲ" ಎಂದು ನಮ್ಮಲ್ಲಿ ಹಲವರು ಕೈಚೆಲ್ಲಿ ಕುಳಿತಿದ್ದಾರೆ. ನಾನೂ ಮೆಟ್ರಿಕ್‌ವರೆಗೆ ಓದಿ ಗಿರಣಿಯ ಲೆಕ್ಕದ ಪುಸ್ತಕ ಹಿಡಿದವನೇ ಹೊರತು ಮಾಸ್ತರನಲ್ಲ. ಆದರೂ ಪ್ರಾಥಮಿಕ ಶಾಲೆಯ ಮಕ್ಕಳ ವಿಜ್ಞಾನದ ಮಟ್ಟಿಗೆ ಈ ನಿರಾಶೆಗೆ ಕಾರಣವಿಲ್ಲವೆಂದು ಧೈರ್ಯವಾಗಿ ಹೇಳುತ್ತೇನೆ. ಅದಕ್ಕೆ ಬೇಕಾದ ಸಾಮಾನು ನಮ್ಮ ಖೋಲಿಯಲ್ಲಿಯೇ ಇದೆ. ಬೇಕಾದ ತಿಳಿವಳಿಕೆಯಲ್ಲಿ ಬಹುಪಾಲು ನಮ್ಮ ನಮ್ಮ ಕಸುಬಿನಲ್ಲಿದೆ. ಆಡುವ ಮಾತಂತೂ ಮನೆಯ ಕನ್ನಡವೇ ಸಾಕು.

ಇದು ನನ್ನೊಬ್ಬನ ಕಲ್ಪನೆಯಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ (ಈಗ ಅದಕ್ಕೆ ನರ್ಮದಾಪುರಂ ಎಂದು ಹೆಸರು) 16 ಮಾಧ್ಯಮಿಕ ಶಾಲೆಗಳಲ್ಲಿ ಒಂದು ಹೊಸ ಕ್ರಮ ಆರಂಭವಾಯಿತು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಅದನ್ನು ಕೈಗೆತ್ತಿಕೊಂಡವು. ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರೂ ಬೆಂಬಲಕ್ಕೆ ನಿಂತರು. ಅಲ್ಲಿ ಮಾಸ್ತರರು ಪಾಠ ಓದಿ ಹೇಳುತ್ತಿರಲಿಲ್ಲ. ಹಳ್ಳಿಯ ಮಕ್ಕಳು ನಾಲ್ಕು ನಾಲ್ಕು ಜನ ಗುಂಪಾಗಿ ಕುಳಿತು, ತಾವೇ ಪ್ರಯೋಗ ಮಾಡಿ, ಕಂಡದ್ದನ್ನು ಬರೆದು, ಆಮೇಲೆ ತರಗತಿಯಲ್ಲಿ ವಾದಿಸುತ್ತಿದ್ದರು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದಾಗಿತ್ತು. ಏಕೆಂದರೆ ಕೇಳುತ್ತಿದ್ದ ಪ್ರಶ್ನೆಗಳಿಗೆ ಪುಸ್ತಕದಲ್ಲಿ ಸಿದ್ಧ ಉತ್ತರ ಇರುತ್ತಿರಲಿಲ್ಲ! ಮುಂದೆ 1982ರಲ್ಲಿ ಏಕಲವ್ಯ ಎಂಬ ಸಂಸ್ಥೆ ಹುಟ್ಟಿ ಈ ಕೆಲಸವನ್ನು ವಹಿಸಿಕೊಂಡಿತು. 16 ಶಾಲೆಗಳಿದ್ದದ್ದು ಸಾವಿರದ ಹತ್ತಿರ ಬೆಳೆಯಿತು. ಕೊನೆಗೆ 2002ರಲ್ಲಿ ಅಲ್ಲಿನ ಸರಕಾರ ಅದನ್ನು ನಿಲ್ಲಿಸಿಬಿಟ್ಟಿತು. ಮೂವತ್ತು ವರ್ಷ ನಡೆದ ಕೆಲಸ ಒಂದು ಆಜ್ಞೆಯಿಂದ ನಿಂತುಹೋದದ್ದು ದುಃಖದ ಸಂಗತಿಯೇ. ಆದರೆ ಆ ಪ್ರಯೋಗಗಳು ಎಲ್ಲಿಗೂ ಹೋಗಿಲ್ಲ. ಅವನ್ನು ನಮ್ಮ ಮನೆಯಲ್ಲಿ ಮಾಡುವುದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ.

ಇನ್ನೊಂದು ಸಂಸ್ಥೆ ನಮಗೆ ಹತ್ತಿರದಲ್ಲಿಯೇ ಇದೆ. ಮಾನಖುರ್ದಿನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು 1974ರಲ್ಲಿ ಸ್ಥಾಪಿತವಾಯಿತು. ಅದರ ಆರಂಭದ ವರ್ಷಗಳಲ್ಲಿ ವಿ. ಜಿ. ಕುಲಕರ್ಣಿಯವರು ಮತ್ತು ಅವರ ಸಂಗಡಿಗರು ಬಡ ಮಕ್ಕಳ ನಡುವೆ ಕೆಲಸ ಮಾಡಿ ಒಂದು ವಿಷಯವನ್ನು ಎತ್ತಿ ತೋರಿಸಿದರು: ಮಕ್ಕಳಿಗೆ ವಿಜ್ಞಾನ ಕಠಿಣವಾಗಿ ಕಾಣುವುದಕ್ಕೆ ಪಠ್ಯಪುಸ್ತಕದ ಬಿಗಿಯಾದ ಭಾಷೆಯೇ ಬಹುಮಟ್ಟಿಗೆ ಕಾರಣ. ವಿಷಯ ಅದೇ ಇರಲಿ, ಮಾತು ತಿಳಿಯಾಗಲಿ, ಮಗು ಮುಂದಕ್ಕೆ ನಡೆಯುತ್ತದೆ. ಮನೆಯಲ್ಲಿ ಕನ್ನಡ, ಕೊಂಕಣಿ ಅಥವಾ ತುಳು, ಓಣಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ ಇಲ್ಲವೆ ಇಂಗ್ಲಿಷು ಆಡುವ ನಮ್ಮ ಮಕ್ಕಳಿಗೆ ಈ ಮಾತು ಎಷ್ಟು ಅನ್ವಯಿಸುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯ ಭಾಷೆಯನ್ನು ಅವರು ಕಲಿಯಲೇಬೇಕು, ಸರಿಯೇ. ಆದರೆ ಕಣ್ಣಿಂದ ಕಂಡದ್ದನ್ನು ಮೊದಲು ಮನೆಮಾತಿನಲ್ಲಿ ಹೇಳಿ ಗಟ್ಟಿ ಮಾಡಿಕೊಂಡ ಹುಡುಗನಿಗೆ ಬೇರೆ ಭಾಷೆಯ ಶಬ್ದ ಅಂಟಿಕೊಳ್ಳುವುದು ಸುಲಭ.

ಇನ್ನು ಕೆಲವು ಪ್ರಯೋಗಗಳನ್ನು ನೋಡೋಣ.

ಮೊದಲನೆಯದಕ್ಕೆ ಬೇಕಾದದ್ದು ಒಂದು ಬೆಂಕಿಪೊಟ್ಟಣ ಮತ್ತು ಸೈಕಲ್ ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ಕೊಳವೆ. ಸೈಕಲ್ ದುರಸ್ತಿಯ ಅಂಗಡಿಯಲ್ಲಿ ಕೇಳಿದರೆ ಅದು ಸಿಕ್ಕುತ್ತದೆ. ಈ ಜೋಡಣೆಯನ್ನು ಪ್ರಸಿದ್ಧಿಗೆ ತಂದವರು ಅರವಿಂದ ಗುಪ್ತಾ ಎಂಬವರು. ಕಾನಪುರದ ಐ.ಐ.ಟಿ.ಯಲ್ಲಿ ಓದಿ ಪುಣೆಯ ಮೋಟಾರು ಕಾರಖಾನೆಯಲ್ಲಿ ಇಂಜಿನಿಯರ್ ಆಗಿದ್ದ ಅವರು, 1978ರಲ್ಲಿ ರಜೆ ಹಾಕಿ ಮೇಲೆ ಹೇಳಿದ ಹೋಶಂಗಾಬಾದಿಗೆ ಹೋಗಿ ಹಳ್ಳಿಯ ಮಕ್ಕಳ ನಡುವೆ ಕುಳಿತರು. ಅಲ್ಲಿಂದಾಚೆಗೆ ಕಸದಿಂದ ಆಟಿಕೆ ಮಾಡುವುದೇ ಅವರ ಬದುಕಾಯಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಮಾಡುವ ರೀತಿ ಹೀಗೆ: ಕಡ್ಡಿಗಳ ಮದ್ದನ್ನು ಮೊದಲು ಕೆರೆದು ತೆಗೆಯಿರಿ. ಕೊಳವೆಯನ್ನು ಅರ್ಧ ಅರ್ಧ ಅಂಗುಲದ ತುಂಡು ಮಾಡಿ. ತುಂಡಿನ ಎರಡು ಬಾಯಿಗೆ ಎರಡು ಕಡ್ಡಿ ತುರುಕಿದರೆ ಬೇಕಾದ ಹಾಗೆ ಬಾಗುವ ಒಂದು ಕೀಲು ಸಿದ್ಧವಾಗುತ್ತದೆ. ಮೂರು ಕಡ್ಡಿ ಮೂರು ತುಂಡಿನಿಂದ ತ್ರಿಕೋನ ಮಾಡಿಸಿ. ನಾಲ್ಕರಿಂದ ಚೌಕ ಮಾಡಿಸಿ. ಎರಡನ್ನೂ ಬೆರಳಿಂದ ಒತ್ತಲು ಹೇಳಿ. ಚೌಕ ಸೊಟ್ಟಗಾಗಿ ಬೀಳುತ್ತದೆ. ತ್ರಿಕೋನ ಅಲುಗುವುದಿಲ್ಲ.

ಕಾರಣವನ್ನು ಕೂಡಲೇ ಹೇಳಬೇಡಿ. ಮಗುವನ್ನು ಕರೆದುಕೊಂಡು ಹೋಗಿ, ಎದ್ದು ನಿಲ್ಲುತ್ತಿರುವ ಯಾವುದಾದರೊಂದು ಕಟ್ಟಡವನ್ನು ರಸ್ತೆಯಿಂದಲೇ ತೋರಿಸಿ. ನಮ್ಮ ಪವಾಯಿಯಲ್ಲಿ ಅದಕ್ಕೆ ಬರಗಾಲವಿಲ್ಲ. ಇಲ್ಲಿಯವರು ಪರಾಂಚಿ ಎನ್ನುವ ಸಾರುವೆಯಲ್ಲಿ ನೆಟ್ಟ ಕಂಬ, ಅಡ್ಡಕಂಬಗಳಲ್ಲದೆ ಮೂಲೆಯಿಂದ ಮೂಲೆಗೆ ಓರೆಯಾಗಿ ಕಟ್ಟಿದ ಕಂಬವೂ ಇರುತ್ತದೆ. ಅದೇಕೆ ಎಂದು ಕೇಳಿ. ಸಾರುವೆ ಕಟ್ಟುವ ನಮ್ಮ ಬಂಧುಗಳಿಗೆ ಇದು ಚೆನ್ನಾಗಿ ಗೊತ್ತು: ಆ ಓರೆಗಂಬ ಒಂದು ಚೌಕವನ್ನು ಎರಡು ತ್ರಿಕೋನ ಮಾಡುತ್ತದೆ, ಅದಿಲ್ಲದಿದ್ದರೆ ಸಾರುವೆ ಗಾಳಿಗೆ ವಾಲುತ್ತದೆ. ರೈಲ್ವೆ ಸೇತುವೆಯ ಕಬ್ಬಿಣದ ಪಟ್ಟಿಗಳಲ್ಲಿಯೂ ಹಾಗೆಯೇ. ಹುಡುಗ ತನ್ನ ಕಡ್ಡಿಯ ಚೌಕಕ್ಕೆ ಓರೆಯಾಗಿ ಒಂದು ಉದ್ದದ ಕಡ್ಡಿ ಸೇರಿಸಿ ಅದು ಗಟ್ಟಿಯಾದದ್ದನ್ನು ಕಂಡಾಗ, ತಂದೆ ದಿನವೂ ಮಾಡುವ ಕೆಲಸದ ಒಳಗುಟ್ಟು ಅವನ ಕೈಗೆ ಬಂದ ಹಾಗಾಯಿತು. ತಂದೆಯ ಕಸುಬನ್ನು ಶಾಲೆಯಲ್ಲಿ ಹೇಳಿಕೊಳ್ಳಲು ನಾಚುವ ಮಕ್ಕಳು ನಮ್ಮಲ್ಲಿ ಇದ್ದಾರೆ, ಸುಳ್ಳೇಕೆ ಹೇಳಬೇಕು! ಅವರಿಗೆ ಈ ಪ್ರಯೋಗವನ್ನು ತಪ್ಪದೆ ಮಾಡಿಸಬೇಕು.

ಗಾರೆಯವರ ಚೀಲದಲ್ಲಿ ಇನ್ನೂ ಎರಡು ಉಪಕರಣಗಳಿವೆ. ಒಂದು, ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡು. ಅದನ್ನು ದಾರದಲ್ಲಿ ಕಟ್ಟಿ ಮೊಳೆಗೆ ತೂಗಿಬಿಟ್ಟು ಸ್ವಲ್ಪ ತಳ್ಳಿ, ಹತ್ತು ಸಲ ಹೋಗಿ ಬರಲು ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ನೋಡಿ ಎಣಿಸಿರಿ. ಮೊಳೆಯಿಂದ ಗುಂಡಿನ ನಡುವಿನವರೆಗೆ 25 ಸೆಂಟಿಮೀಟರ್ ಇದ್ದರೆ ಸುಮಾರು 10 ಸೆಕೆಂಡು. ಅದರ ನಾಲ್ಕು ಪಟ್ಟು, ಅಂದರೆ ಒಂದು ಮೀಟರ್ ಇದ್ದರೆ ಸುಮಾರು 20 ಸೆಕೆಂಡು. ಗುಂಡು ಹಗುರವೋ ಭಾರವೋ ಎಂಬುದರಿಂದ ಲೆಕ್ಕ ಬದಲಾಗುವುದಿಲ್ಲ. ಇದನ್ನು ಮಕ್ಕಳು ಬಾಯಿಮಾತಿಗೆ ನಂಬುವುದಿಲ್ಲ, ನಂಬಲೂ ಬಾರದು. ಬೀಗವನ್ನೋ ಕಲ್ಲನ್ನೋ ಕಟ್ಟಿ ತಾವೇ ನೋಡಲಿ. ಎರಡನೆಯದು ನೀರು ತುಂಬಿದ ಪಾರದರ್ಶಕ ಪೈಪು. ಅದರ ಎರಡು ತುದಿಗಳನ್ನು ಎಷ್ಟು ದೂರ ಒಯ್ದರೂ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಇದಕ್ಕೆ ವಿವರಣೆಗಿಂತ ಆಟವೇ ಮೇಲು.

ಬೀಜದ ವಿಷಯ ಮೊದಲೇ ಬಂದಿತು. ಅದನ್ನು ಪರೀಕ್ಷಿಸಲು ಮೂರು ಒಣ ಕಡಲೆಕಾಳು, ಒಂದು ಕಡ್ಡಿ, ಒಂದು ಗಾಜಿನ ಲೋಟ ಸಾಕು. ಕಾಳುಗಳನ್ನು ನೆನೆಸಬೇಡಿ. ಕಡ್ಡಿಯ ಬುಡದಲ್ಲಿ ಒಂದು, ನಡುವೆ ಒಂದು, ತುದಿಯಲ್ಲಿ ಒಂದು ಕಾಳನ್ನು ದಾರದಿಂದ ಕಟ್ಟಿ ಲೋಟದಲ್ಲಿ ನಿಲ್ಲಿಸಿರಿ. ನಡುವಿನ ಕಾಳು ಅರ್ಧ ಮುಳುಗುವಷ್ಟು ನೀರು ಹಾಕಿ, ನೀರು ಇಳಿದಂತೆ ದಿನವೂ ಸರಿಮಾಡಿರಿ. ಮೂರು ನಾಲ್ಕು ದಿನದಲ್ಲಿ ನಡುವಿನದು ಚೆನ್ನಾಗಿ ಮೊಳೆಯುತ್ತದೆ. ಮೇಲಿನದಕ್ಕೆ ಗಾಳಿ ಇದೆ, ನೀರಿಲ್ಲ, ಹಾಗೆಯೇ ಇರುತ್ತದೆ. ಕೆಳಗಿನದಕ್ಕೆ ನೀರಿದೆ, ಗಾಳಿ ಸಾಲದು. ಊದಿಕೊಂಡು, ಒಮ್ಮೊಮ್ಮೆ ತುಸು ಬೇರು ತೋರಿಸಿ, ಕೊನೆಗೆ ಕೊಳೆಯುತ್ತದೆ. ಹೊಲದಲ್ಲಿ ನೀರು ನಿಂತರೆ ಬಿತ್ತಿದ್ದು ಕೊಳೆಯುವುದೂ ಇದೇ ಕಾರಣಕ್ಕೆ. ಇನ್ನು ಮೂರನೆಯ ಮಾತಾದ ಶಾಖವನ್ನು ಪರೀಕ್ಷಿಸುವುದು ಮುಂಬಯಿಯಲ್ಲಿ ಕಷ್ಟ, ಇಲ್ಲಿ ಚಳಿ ಎಂಬುದೇ ಇಲ್ಲ. ಫ್ರಿಜ್ ಇರುವ ನೆರೆಯವರನ್ನು ನಾಲ್ಕು ಒದ್ದೆ ಕಾಳಿಗೆ ಜಾಗ ಕೇಳಬಹುದು.

ಮಳೆಗಾಲದಲ್ಲಿ ಮಾಡತಕ್ಕದ್ದು ಮಳೆಮಾಪಕ. ನನಗೆ ಎಲ್ಲಕ್ಕಿಂತ ಹೆಚ್ಚು ಪ್ರಿಯವಾದದ್ದು ಇದೇ, ಬಹುಶಃ ಲೆಕ್ಕ ಬರೆಯುವ ಅಭ್ಯಾಸದ ದೋಷವಿರಬಹುದು. ನೆಟ್ಟಗಿನ ಬದಿಯ ಒಂದು ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ದೊಡ್ಡವರು ಕತ್ತರಿಸಿ ಕೊಡಬೇಕು. ಕತ್ತರಿಸಿದ ಭಾಗವನ್ನು ತಲೆಕೆಳಗು ಮಾಡಿ ಬಾಟಲಿಯ ಬಾಯಿಗೆ ಲಾಳಿಕೆಯಂತೆ ಕೂಡಿಸಿ. ತಳ ಉಬ್ಬುತಗ್ಗು ಇರುವುದರಿಂದ ಒಂದಿಷ್ಟು ಬೆಣಚುಕಲ್ಲು ಹಾಕಿ, ಅವು ಮುಳುಗುವಷ್ಟು ನೀರು ಹೊಯ್ದು, ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ, ಅದು ಸೊನ್ನೆ. ಅಲ್ಲಿಂದ ಮೇಲಕ್ಕೆ ಮಕ್ಕಳ ಸ್ಕೇಲಿನಿಂದ ಮಿಲಿಮೀಟರ್ ಗುರುತು ಹಾಕಿರಿ. ಗಚ್ಚಿನ ಮೇಲೋ ಅಂಗಳದಲ್ಲೋ, ಸೂರಿನ ನೀರು ಬೀಳದ, ಮರದ ನೆರಳಿಲ್ಲದ ಕಡೆ ಇಟ್ಟು, ದಿನವೂ ಬೆಳಗ್ಗೆ ಎಂಟೂವರೆಗೆ ನೋಡಿ, ಬರೆದು, ನೀರನ್ನು ಸೊನ್ನೆಯ ಗೆರೆಗೆ ಇಳಿಸಬೇಕು. ಎಂಟೂವರೆ ಏಕೆಂದರೆ ಹವಾಮಾನ ಇಲಾಖೆಯವರೂ ದಿನದ ಮಳೆಯ ಲೆಕ್ಕವನ್ನು ಆ ಹೊತ್ತಿಗೇ ಮುಗಿಸುತ್ತಾರೆ. ಮರುದಿನ ವಾಚನಾಲಯಕ್ಕೆ ಬಂದು ಪತ್ರಿಕೆಯಲ್ಲಿ ಸಾಂತಾಕ್ರೂಜ್ ಮತ್ತು ಕೊಲಾಬಾದ ಅಂಕಿಗಳನ್ನು ನೋಡಿ, ತಮ್ಮದರ ಪಕ್ಕದಲ್ಲಿ ಬರೆದುಕೊಳ್ಳಲಿ.

ಮೂರೂ ಬೇರೆ ಬೇರೆ ಇರುತ್ತವೆ. "ನಮ್ಮದು ತಪ್ಪು" ಎಂದು ಮಕ್ಕಳು ಅಳಿಸಲು ಹೊರಡುತ್ತಾರೆ. ಬಿಡಬೇಡಿ. 2005ನೇ ಇಸವಿ ಜುಲೈ 26ನ್ನು ನಮ್ಮಲ್ಲಿ ಹಿರಿಯರು ಮರೆತಿರಲಾರರು. ಅಂದು 24 ತಾಸುಗಳಲ್ಲಿ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಬಿದ್ದಿತು. ಅದೇ ಊರಿನ ಕೊಲಾಬಾದಲ್ಲಿ 73 ಮಾತ್ರ. ಮಳೆ ಅಷ್ಟು ಏರುಪೇರಾಗಿ ಬೀಳಬಲ್ಲುದು. ಆದ್ದರಿಂದ ಪವಾಯಿಯ ಅಂಕಿ ಪವಾಯಿಯದ್ದೇ. ಅದನ್ನು ಬರೆದಿಡುವ ಹುಡುಗಿ ನಿಜವಾದ ಕೆಲಸವನ್ನೇ ಮಾಡುತ್ತಿದ್ದಾಳೆ.

944 ಮಿಲಿಮೀಟರ್ ಎಂದರೆ ಎಷ್ಟು? ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ನಿಂತರೆ ಸರಿಯಾಗಿ ಒಂದು ಲೀಟರ್. ನಮ್ಮ ಹತ್ತಡಿ ಹತ್ತಡಿ ಖೋಲಿಯ ವಿಸ್ತಾರ ಸುಮಾರು 9.3 ಚದರ ಮೀಟರ್. ಅಂದಮೇಲೆ ಅಂದು ಅಷ್ಟು ಸೂರಿನ ಮೇಲೆ ಬಿದ್ದ ನೀರು ಸುಮಾರು 8,770 ಲೀಟರ್, ಅಂದರೆ 15 ಲೀಟರಿನ ಬಾಲ್ದಿಯಲ್ಲಿ 585 ಬಾಲ್ದಿ. ನಲ್ಲಿಯ ಮುಂದೆ ಎರಡು ಬಾಲ್ದಿಗಾಗಿ ಸರದಿ ನಿಲ್ಲುವ ಮಕ್ಕಳಿಗೆ ಈ ಲೆಕ್ಕ ಮನಸ್ಸಿನಿಂದ ಹೋಗುವುದಿಲ್ಲ. ಆ ನೀರೆಲ್ಲ ಎಲ್ಲಿಗೆ ಹೋಗುತ್ತದೆ ಎಂಬ ಮುಂದಿನ ಪ್ರಶ್ನೆಯನ್ನು ಅವರೇ ಕೇಳುತ್ತಾರೆ. ನಮ್ಮ ಪವಾಯಿ ಕೆರೆಯನ್ನು 1891ರಲ್ಲಿ ಕಟ್ಟ ಕಟ್ಟಿ ನಿಲ್ಲಿಸಿದ್ದು ಪಟ್ಟಣಕ್ಕೆ ಕುಡಿಯುವ ನೀರು ಒದಗಿಸಲೆಂದು. ನೀರು ಕುಡಿಯಲು ತಕ್ಕದ್ದಾಗದೆ ಆ ಉದ್ದೇಶ ಕೈಬಿಟ್ಟುಹೋಯಿತು. ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಬಿದ್ದ ನೀರು, ವಿಹಾರ ಕೆರೆಯ ನೀರನ್ನು ಕೂಡಿಕೊಂಡು ಮೀಠಿ ನದಿಯಾಗಿ ಕುರ್ಲಾದ ಮೇಲೆ ಮಾಹಿಮಿನ ಖಾರಿಗೆ ಸೇರುತ್ತದೆ. 2005ರಲ್ಲಿ ಉಕ್ಕಿ ಮನೆಗಳನ್ನು ಮುಳುಗಿಸಿದ್ದು ಇದೇ ಮೀಠಿ.

ಕೆರೆಯ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿ ಮೊಸಳೆಗಳು ಇರುವುದು ನಿಜ, ಮಕ್ಕಳನ್ನು ಹೆದರಿಸಲು ಹೇಳುವ ಕಥೆಯಲ್ಲ. ಆದುದರಿಂದ ನೀರಿನ ಅಂಚಿಗೆ ಇಳಿಯದೆ, ದಾರಿಯ ಮೇಲಿಂದಲೇ ದೊಡ್ಡವರ ಸಂಗಡ ನಿಂತು ನೋಡಬೇಕು. ಬೆಳ್ಳಕ್ಕಿ ಎಷ್ಟು, ರೆಕ್ಕೆ ಹರಡಿ ಬಿಸಿಲು ಕಾಯಿಸುವ ನೀರುಕಾಗೆ ಎಷ್ಟು, ಮರಾಠಿಗರು ಜಲಪರ್ಣಿ ಎನ್ನುವ ಕಳೆ ಈ ತಿಂಗಳು ಎಲ್ಲಿಯವರೆಗೆ ಹಬ್ಬಿದೆ ಎಂದು ಆದಿತ್ಯವಾರಕ್ಕೊಮ್ಮೆ ಬರೆದರೂ ವರ್ಷದ ಕೊನೆಗೆ ಒಂದು ಒಳ್ಳೆಯ ಪುಸ್ತಕವಾಗುತ್ತದೆ.

ಬಿಸಿಲುಗಾಲಕ್ಕೆ ನೆರಳಿನ ಪ್ರಯೋಗ. ಸಮವಾದ ನೆಲದ ಮೇಲೆ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆಟ್ಟಗಿದೆಯೇ ಎಂದು ನೋಡಲು ತೂಗುಗುಂಡು ಇದ್ದೇ ಇದೆ. ಹನ್ನೊಂದೂವರೆಯಿಂದ ಒಂದೂವರೆಯವರೆಗೆ ಹದಿನೈದು ಮಿನಿಟಿಗೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಲಿ. ಸೂರ್ಯನನ್ನು ಮಾತ್ರ ನೇರವಾಗಿ ನೋಡಬಾರದು. ನೆರಳು ಎಲ್ಲಕ್ಕಿಂತ ಗಿಡ್ಡವಾಗುವುದು ಹನ್ನೆರಡಕ್ಕೆ ಎಂದು ಎಲ್ಲರೂ ಪಂಥ ಕಟ್ಟುತ್ತಾರೆ, ಎಲ್ಲರೂ ಸೋಲುತ್ತಾರೆ. ಮುಂಬಯಿಯಲ್ಲಿ ಅದು ಹನ್ನೆರಡೂವರೆಯ ಆಚೀಚೆ. ತಿಂಗಳನ್ನು ಅನುಸರಿಸಿ 12-22ರಿಂದ 12-53ರವರೆಗೆ ಬದಲಾಗುತ್ತದೆ. ಕಾರಣವೇನೆಂದರೆ ನಮ್ಮ ಕೈಗಡಿಯಾರ ತೋರಿಸುವುದು ದೂರದ ಮಿರ್ಜಾಪುರದ ಬಳಿ ಹಾಯುವ ರೇಖೆಯ ಹೊತ್ತು. ಸೂರ್ಯ ಅಲ್ಲಿಂದ ನಮ್ಮ ನೆತ್ತಿಗೆ ಬರಲು ಸುಮಾರು 39 ಮಿನಿಟು ಬೇಕು. 1906ರಲ್ಲಿ ದೇಶಕ್ಕೆಲ್ಲ ಒಂದೇ ಹೊತ್ತು ಎಂದು ಮಾಡಿದಾಗ ಮುಂಬಯಿ ಸುಲಭವಾಗಿ ಒಪ್ಪಲಿಲ್ಲ. 39 ಮಿನಿಟು ಮೊದಲೇ ಕೆಲಸಕ್ಕೆ ಬಾ ಎಂದ ಹಾಗಾಯಿತೆಂದು ಗಿರಣಿಯ ಕಾರ್ಮಿಕರು ಪ್ರತಿಭಟಿಸಿದ್ದುಂಟು. 'ಮುಂಬಯಿ ಹೊತ್ತು' ಎಂಬುದು ಆಮೇಲೂ ಹಲವು ದಶಕ ಉಳಿಯಿತು. ಒಂದು ಕೋಲು, ಒಂದು ಸೀಮೆಸುಣ್ಣದಿಂದ ಇಷ್ಟೆಲ್ಲ ಹೊರಬರುತ್ತದೆ.

ವರ್ಷದಲ್ಲಿ ಎರಡು ದಿನ ಈ ಕೋಲಿಗೆ ನೆರಳೇ ಇರುವುದಿಲ್ಲ. ಮುಂಬಯಿಗೆ ಅವು ಮೇ 15-16 ಮತ್ತು ಜುಲೈ 27ರ ಸುಮಾರಿಗೆ ಬರುತ್ತವೆ. ಜುಲೈಯಲ್ಲಿ ಮೋಡ; ಆದ್ದರಿಂದ ಮೇ ತಿಂಗಳೇ ಸರಿ. ಆಗ ಮಧ್ಯಾಹ್ನ 12-35ರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಊರಿನಿಂದ ಊರಿಗೆ ದಿನ ಬೇರೆ. ಬೆಂಗಳೂರು, ಮಂಗಳೂರುಗಳಲ್ಲಿ ಏಪ್ರಿಲ್ 24-25ರ ಹೊತ್ತಿಗೆ, ಕಲಬುರಗಿಯಲ್ಲಿ ಮೇ ಎರಡನೆಯ ವಾರದ ಆರಂಭದಲ್ಲಿ. ಬೇಸಿಗೆ ರಜೆಗೆ ಊರಿಗೆ ಹೋಗುವ ಮಕ್ಕಳು ಅಲ್ಲಿ ಅಜ್ಜನ ಅಂಗಳದಲ್ಲಿ ಒಂದು ಕೋಲು ನೆಡಲಿ, ಇಲ್ಲಿ ಉಳಿದವರು ಗಚ್ಚಿನ ಮೇಲೆ ನೆಡಲಿ. ಒಂದೇ ದಿನ, ಒಂದೇ ಉದ್ದದ ಕೋಲು. ಆದರೂ ನೆರಳು ಬೇರೆ ಏಕೆ? ಭೂಮಿ ಚಪ್ಪಟೆಯಾಗಿದ್ದು ಸೂರ್ಯನ ಕಿರಣ ಎಲ್ಲೆಡೆ ಸಮಾನವಾಗಿ ಬೀಳುತ್ತಿದ್ದರೆ ಹೀಗಾಗುತ್ತಿತ್ತೇ? ಸುಮಾರು ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಈಜಿಪ್ತಿನಲ್ಲಿ ಎರಟೊಸ್ತನೀಸ್ ಎಂಬ ವಿದ್ವಾಂಸನು ಎರಡು ಊರುಗಳ ನೆರಳಿನ ಈ ಅಂತರದಿಂದಲೇ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದನು.

"ಇದರಿಂದ ಮಾರ್ಕು ಬರುತ್ತದೆಯೇ?" ಎಂದು ಕೇಳುವವರು ಇದ್ದಾರೆ. ನ್ಯಾಯವಾದ ಪ್ರಶ್ನೆ, ನಮ್ಮ ಮಕ್ಕಳಿಗೆ ಮಾರ್ಕಿನ ಹೊರತು ಬೇರೆ ಆಸ್ತಿಯಿಲ್ಲ. ಇವು ಪಾಠವನ್ನು ಬಿಟ್ಟು ಮಾಡುವ ಆಟಗಳಲ್ಲ. ಬೀಜ, ಮಳೆ, ನೆರಳು, ಆಕಾರ ಎಲ್ಲವೂ ಪುಸ್ತಕದಲ್ಲಿಯೇ ಇವೆ. ಉರು ಹೊಡೆದದ್ದು ಪರೀಕ್ಷೆಯ ಮರುದಿನ ಮರೆಯುತ್ತದೆ. ಮಾಡಿದ್ದು ಬಹುಮಟ್ಟಿಗೆ ಉಳಿಯುತ್ತದೆ. ಅರವತ್ತು ಮಕ್ಕಳ ತರಗತಿಯಲ್ಲಿ ಮಾಸ್ತರರಿಗೆ ಪ್ರತಿಯೊಬ್ಬರಿಂದ ಇದನ್ನು ಮಾಡಿಸಲು ಹೊತ್ತೆಲ್ಲಿ? ಮನೆಯಲ್ಲಿ ಇರುವುದು ಒಂದೆರಡು ಮಕ್ಕಳು.

ಮಾಡಿಸುವವರು ಎರಡು ಸಂಗತಿಗಳನ್ನು ನೆನಪಿಡಬೇಕು. ಉತ್ತರವನ್ನು ಮೊದಲು ಹೇಳಬಾರದು; "ನಿನಗೇನನಿಸುತ್ತದೆ?" ಎಂದು ಕೇಳಿ, ಮಗುವಿನ ಊಹೆಯನ್ನು ಬರೆಸಿ, ಆಮೇಲೆ ಪ್ರಯೋಗ ನಡೆಯಬೇಕು. ಊಹೆ ತಪ್ಪಿದರೆ ಗದರಬಾರದು. ಮತ್ತು ಬರೆಯುವುದು ಕನ್ನಡದಲ್ಲಾದರೆ ಒಳ್ಳೆಯದು. ಕನ್ನಡ ಅಕ್ಷರ ಬಾರದ ಮಗುವು ಚಿತ್ರ ಬಿಡಿಸಲಿ, ತಾಯಿಯೋ ಅಣ್ಣನೋ ಪಕ್ಕದಲ್ಲಿ ಹೆಸರು ಬರೆದುಕೊಡಲಿ. ಕನ್ನಡದಲ್ಲಿ ಇಂಥ ಓದಿಗೆ ಕೊರತೆಯಿಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲಿಯೇ 'ಬಾಲ ಪ್ರಪಂಚ'ವನ್ನು ಮಕ್ಕಳಿಗಾಗಿ ಬರೆದುಕೊಟ್ಟರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆಯ ಹಳೆಯ ಸಂಚಿಕೆಗಳು ಯಾರ ಬಳಿಯಲ್ಲಾದರೂ ಇದ್ದರೆ ವಾಚನಾಲಯಕ್ಕೆ ಕೊಡಬೇಕೆಂದು ವಿನಂತಿ.

ಬೆಂಕಿಕಡ್ಡಿ, ವಾಲ್ವಿನ ಕೊಳವೆಯ ತುಂಡುಗಳು, ಒಂದು ತೂಗುಗುಂಡು ಮತ್ತು ಗುರುತು ಹಾಕಿದ ಎರಡು ಬಾಟಲಿಗಳನ್ನು ಪತ್ರಿಕೆಗಳ ಕಪಾಟಿನ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಆದಿತ್ಯವಾರ ಬೆಳಗ್ಗೆ ಮಕ್ಕಳನ್ನು ಕಳಿಸಬಹುದು. ಬರುವಾಗ ಮನೆಯಲ್ಲಿ ಬಿಸಾಡುವ ಒಂದು ಬಾಟಲಿಯನ್ನೂ, ಹಾಳೆ ಉಳಿದ ಒಂದು ಹಳೆಯ ನೋಟುಬುಕ್ಕನ್ನೂ ತರಲಿ.